ಹಾಟ್ ಟಬ್‌ಗೆ ಹೊಸ ನೀರು: ಬಿಸಿ ಮಾಡುವ ಮೊದಲಿನ ಕೆಲಸವೇ ಹೆಚ್ಚು

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ತೋಟದ ಮನೆ. ಹಿಂಬದಿಯ ಜಗಲಿಗೆ ತಾಗಿಸಿ ಹಾಟ್ ಟಬ್, ಅಂದರೆ ಕೂತು ಮೀಯುವ ಬಿಸಿನೀರಿನ ತೊಟ್ಟಿ, ಇಟ್ಟಿದ್ದೇವೆ. 1,200 ಲೀಟರ್ ಹಿಡಿಯುತ್ತದೆ, ಹೀಟರ್ 3 ಕಿಲೋವ್ಯಾಟ್‌ನದು. ಮೂರು ನಾಲ್ಕು ತಿಂಗಳಿಗೊಮ್ಮೆ ನೀರನ್ನು ಪೂರ್ತಿ ಬದಲಾಯಿಸುತ್ತೇನೆ. ನೀರು ಚಿಮ್ಮಿಸುವ ಜೆಟ್ ಹಾಕಿದಾಗ ಎದ್ದ ನೊರೆ ಇಳಿಯದಿದ್ದರೆ ಅಷ್ಟು ದಿನವೂ ಕಾಯುವುದಿಲ್ಲ.

ಖಾಲಿ ಮಾಡುವ ಹಿಂದಿನ ದಿನ ಪೈಪ್ ಶುಚಿಗೊಳಿಸುವ ದ್ರಾವಣ ಹಾಕಿ ಪಂಪ್ ಓಡಿಸುತ್ತೇನೆ. ಪೈಪಿನೊಳಗೆ ಕಟ್ಟಿದ ಲೋಳೆ ಬಿಟ್ಟು ಮೇಲೆ ತೇಲಿ ಬರುತ್ತದೆ. ಅದನ್ನು ಉಳಿಸಿಕೊಂಡು ಹೊಸ ನೀರು ತುಂಬಿದರೆ ಹಾಕಿದ ಕ್ಲೋರಿನ್ ಎಲ್ಲ ಆ ಲೋಳೆಗೇ ಖರ್ಚು. ಮೇನ್ ಸ್ವಿಚ್ ಆರಿಸಿದ ಮೇಲೆಯೇ ನೀರು ಬಿಡುವುದು. ಒಣಗಿದ ಹೀಟರ್‌ಗೆ ಕರೆಂಟ್ ಹೋದರೆ ಅದು ಸುಟ್ಟೇ ಹೋಗುತ್ತದೆ. ಹಳೆಯ ನೀರು ತೋಡಿಗೆ ಸೇರಬಾರದು, ಕ್ಲೋರಿನ್ ಮೀನಿಗೆ ವಿಷ. ದೂರದ ಇಂಗುಗುಂಡಿಗೆ ಸಣ್ಣ ಪೈಪಿನಲ್ಲಿ ನಿಧಾನವಾಗಿ ಬಿಡುತ್ತೇನೆ. 2018ರ ಆಗಸ್ಟ್‌ನ ಭೂಕುಸಿತ ಕಂಡ ಊರಿನಲ್ಲಿ ಇಳಿಜಾರಿಗೆ ಅಷ್ಟು ನೀರನ್ನು ಒಮ್ಮೆಲೇ ಸುರಿಯಲು ನನಗೆ ಮನಸ್ಸು ಬಾರದು. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈಹಾಕುವುದೇ ಇಲ್ಲ.

ತುಂಬುವುದು ಯಾವ ನೀರು ಎಂಬುದು ಮುಖ್ಯ. ನಮ್ಮ ಕೊಳವೆ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದೆ. ನಲ್ಲಿಯಿಂದ ಬರುವಾಗ ತಿಳಿಯಾಗಿಯೇ ಇರುತ್ತದೆ. ಬಿಳಿ ಬಕೆಟ್‌ನಲ್ಲಿ ಹಿಡಿದು ಚಿಟಿಕೆ ಕ್ಲೋರಿನ್ ಪುಡಿ ಹಾಕಿದರೆ ಹಳದಿಗೆ ತಿರುಗಿ, ಕೊನೆಗೆ ಹಾಲಿಲ್ಲದ ಕಣ್ಣ ಚಹಾದಂತಾಗುತ್ತದೆ. ಹಾಗಾಗಿ ನಾನು ತುಂಬುವುದು ಮೇಲಿನ ಊಟೆಯ (ಚಿಲುಮೆಯ) ನೀರನ್ನು. ಪೈಪನ್ನು ತೊಟ್ಟಿಗೆ ಇಳಿಬಿಡದೆ, ಫಿಲ್ಟರ್ ತೆಗೆದ ಗುಂಡಿಯೊಳಗೆ ಇಳಿಸುತ್ತೇನೆ. ಆಗ ನೀರು ಕೆಳಗಿನ ಪೈಪುಗಳಿಂದ ಮೇಲೇರುತ್ತ ಗಾಳಿಯನ್ನು ಹೊರದೂಡುತ್ತದೆ. ಪಂಪ್ ಗುಂಯ್‌ಗುಟ್ಟಿದರೂ ಜೆಟ್‌ನಲ್ಲಿ ನೀರು ಬಾರದಿದ್ದರೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಕರೆಂಟ್ ಆರಿಸಿ ಪಂಪಿನ ಜೋಡಣೆಯ ನಟ್ಟನ್ನು ತುಸು ಸಡಿಲಿಸಬೇಕು. ಬುಸ್ ಎಂದು ಗಾಳಿ ಹೋಗಿ ನೀರು ಜಿನುಗಿದೊಡನೆ ಬಿಗಿಮಾಡಬೇಕು.

ಊಟೆಯ ನೀರು ತೀರ ಮೆದು, ತುಸು ಆಮ್ಲೀಯ. ಹಾಗೆಯೇ ಬಿಸಿ ಮಾಡಿದರೆ ಹೀಟರ್‌ನ ಲೋಹವನ್ನು ತಿನ್ನುತ್ತದೆ. ಮೊದಲು ಅಡುಗೆ ಸೋಡಾ: ನಮ್ಮ ಅಳತೆಯ ಟಬ್‌ಗೆ 20 ಗ್ರಾಂ ಹಾಕಿದರೆ ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ಗುಣ) ಸುಮಾರು 10 ಪಿಪಿಎಂ, ಅಂದರೆ ಲೀಟರಿಗೆ 10 ಮಿಲಿಗ್ರಾಂ, ಏರುತ್ತದೆ. 80ರಿಂದ 120ರ ನಡುವೆ ತಂದು, ಪಿಎಚ್ 7.2ರಿಂದ 7.8ರೊಳಗೆ ಇದೆಯೇ ಎಂದು ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿಯಲ್ಲಿ ನೋಡುತ್ತೇನೆ. ಸುಣ್ಣದ ಅಂಶ ಕಡಿಮೆಯಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್. ನಂತರ ಕ್ಲೋರಿನ್, 3ರಿಂದ 5 ಪಿಪಿಎಂ. ಕ್ಲೋರಿನ್ ಇಲ್ಲದ ಬೆಚ್ಚಗಿನ ನೀರು ರೋಗಾಣುಗಳಿಗೆ ಹೇಳಿ ಮಾಡಿಸಿದ ಜಾಗ. ಇಷ್ಟಾದ ಮೇಲೆಯೇ ಹೀಟರ್.

ಒಂದು ಯೂನಿಟ್ ವಿದ್ಯುತ್ತು 860 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸುತ್ತದೆ. ನಮ್ಮ ಚಳಿಗಾಲದ 18 ಡಿಗ್ರಿ ನೀರು 38ಕ್ಕೆ ಬರಲು 28 ಯೂನಿಟ್ ಬೇಕು. ಲೆಕ್ಕಕ್ಕೆ ಒಂಬತ್ತೂವರೆ ಗಂಟೆ. ಆದರೆ ತೋಟದ ಲೈನಿನಲ್ಲಿ ವೋಲ್ಟೇಜ್ 230 ಇರುವುದು ಯಾವಾಗ? 190ಕ್ಕೆ ಇಳಿದರೆ 3 ಕಿಲೋವ್ಯಾಟ್‌ನ ಹೀಟರ್ 2 ಕಿಲೋವ್ಯಾಟ್‌ನಷ್ಟೇ ಕೆಲಸ ಮಾಡುತ್ತದೆ, ಹದಿನಾಲ್ಕು ಗಂಟೆಯಾದರೂ ಹಿಡಿಯುತ್ತದೆ. ಅದಕ್ಕೇ ಬಚ್ಚಲಿನ ಹಂಡೆಯನ್ನು ನಂಬುತ್ತೇನೆ. ಮರಗಸಿಯಲ್ಲಿ (ತೋಟದ ನೆರಳಿನ ಮರಗಳನ್ನು ಸವರುವಾಗ) ಬಿದ್ದ ಕೊಂಬೆಗಳೇ ಸೌದೆ. ಟಬ್ ಮುಕ್ಕಾಲು ಪಾಲು ತುಂಬಿದ ಮೇಲೆ 70 ಡಿಗ್ರಿಯ ನೀರು 200 ಲೀಟರ್‌ನಷ್ಟು, ಬೂದಿ ಬೀಳದಂತೆ ಬಟ್ಟೆಯಲ್ಲಿ ಸೋಸಿ ಬೆರೆಸುತ್ತೇನೆ. ಖಾಲಿ ಟಬ್‌ಗೆ ಸುಡುನೀರು ಸುರಿಯಬಾರದು, ಅಕ್ರಿಲಿಕ್ ತಡೆಯದು. ಇದರಿಂದ ಆರಂಭವೇ 26 ಡಿಗ್ರಿಯ ಆಸುಪಾಸು; 11 ಯೂನಿಟ್ ಉಳಿತಾಯ.

ಬಿಸಿಯಾಗುವಷ್ಟು ಹೊತ್ತೂ ಮುಚ್ಚಳ ಹಾಕಿರಬೇಕು, ಜೆಟ್‌ನ ಗಾಳಿ ತಿರುಪು ಮುಚ್ಚಿರಬೇಕು. ತಣ್ಣನೆಯ ಗಾಳಿ ಎಳೆದುಕೊಂಡರೆ ಏರಿದ ಬಿಸಿಯೂ ಇಳಿಯುತ್ತದೆ. 38 ತಲುಪಿದ ಮೇಲೆ ಕ್ಲೋರಿನ್ ಇನ್ನೊಮ್ಮೆ ನೋಡುತ್ತೇನೆ, ಬಿಸಿಯಲ್ಲಿ ಅದು ಬೇಗ ಕಡಿಮೆಯಾಗುತ್ತದೆ. 40 ದಾಟಿಸುವುದಿಲ್ಲ. ರಕ್ತದೊತ್ತಡವಿರುವ ಅತ್ತೆಯವರು ವೈದ್ಯರನ್ನು ಕೇಳಿಯೇ ಇಳಿಯುವುದು. ಅವರಿಗೆ 37, ಅದೂ ಹತ್ತು ನಿಮಿಷ.