ಒಂದಿಂಚು ದಪ್ಪದ ಗೋಡೆ

ಮಹಡಿಯ ದೊಡ್ಡ ಕೋಣೆಯನ್ನು ಎರಡು ಮಾಡಬೇಕಿತ್ತು. ಇಟ್ಟಿಗೆ ಕಟ್ಟೋಣವೆಂದರೆ ಕೆಳಗೆ ಬೀಮ್ ಇಲ್ಲ, ಬರೀ ಸ್ಲ್ಯಾಬ್. ನಾಲ್ಕಿಂಚಿನ ಗೋಡೆ ಎರಡೂ ಕಡೆ ಪ್ಲಾಸ್ಟರ್ ಸೇರಿ ಚದರ ಅಡಿಗೆ 20 ಕೆ.ಜಿ. ದಾಟುತ್ತದೆ. ಹಾಗಾಗಿ ಫೆರೋಸಿಮೆಂಟ್ (ತಂತಿ ಜಾಲರಿಯ ಮೇಲೆ ಸಿಮೆಂಟ್ ಗಾರೆ ಒತ್ತಿ ಮಾಡುವ ತೆಳು ಹಲಗೆ) ಪ್ಯಾನೆಲ್‌ಗಳನ್ನು ನಾನೇ ಎರಕ ಹಾಕಿದೆ. 5 ಅಡಿ ಉದ್ದ, 2 ಅಡಿ ಅಗಲ, 25 ಮಿ.ಮೀ. ದಪ್ಪ. ಒಂದೊಂದು ಸುಮಾರು 55 ಕೆ.ಜಿ., ಇಬ್ಬರು ಎತ್ತಬಹುದು.

ಇದನ್ನು ಹಗುರ ಸಿಮೆಂಟ್ ಅಂದುಕೊಳ್ಳಬೇಡಿ. ಗಾರೆ ಹೆಚ್ಚುಕಡಿಮೆ ಕಾಂಕ್ರೀಟಿನಷ್ಟೇ ಭಾರ. ಪ್ಯಾನೆಲ್ ತೆಳು, ಅಷ್ಟೇ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಜರಡಿ ಹಿಡಿದ ಮರಳು, 50 ಕೆ.ಜಿ. ಚೀಲಕ್ಕೆ 20 ಲೀಟರ್ ನೀರು. ಗಟ್ಟಿ ಅನ್ನಿಸುತ್ತದೆ, ಕರಣೆಗೆ ಸುಲಭಕ್ಕೆ ಬಗ್ಗುವುದಿಲ್ಲ. ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ‘ಇನ್ನೊಂದು ಚೆಂಬು ಹಾಕಿ ಸಾರ್’ ಎನ್ನುತ್ತಲೇ ಇದ್ದರು. ನಾನು ಬಿಡಲಿಲ್ಲ.

ಎಡವಿದ್ದು ಜಾಲರಿಯಲ್ಲಿ. ನಡುವೆ ವೆಲ್ಡ್ ಮೆಶ್ (ಕಂಬಿಗಳನ್ನು ಅಡ್ಡಉದ್ದ ಬೆಸೆದ ಜಾಲರಿ), ಅದರ ಎರಡೂ ಬದಿಗೆ ಕೋಳಿ ಜಾಲರಿ, ಬೈಂಡಿಂಗ್ ವೈರ್‌ನಿಂದ ಬಿಗಿದು ನೇರ ಅಚ್ಚಿನೊಳಗೆ ಇಟ್ಟುಬಿಟ್ಟೆ. ಗಾರೆ ಒತ್ತಿದಾಗ ಎಲ್ಲ ತಳಕ್ಕೆ ಕೂತಿತು. ಅಚ್ಚು ಬಿಚ್ಚಿ ಮಗುಚಿದರೆ ಷಟ್ಕೋನಗಳು ಅಚ್ಚೊತ್ತಿದ ಹಾಗೆ ಕಾಣುತ್ತಿದ್ದವು. ಕೆಲವು ದಿನಕ್ಕೇ ಅಲ್ಲಲ್ಲಿ ತುಕ್ಕಿನ ಗೆರೆ. ಮೊದಲ ನಾಲ್ಕು ಪ್ಯಾನೆಲ್ ಹಾಗೇ ಹೋದವು. ಆಮೇಲೆ ಅದೇ ಗಾರೆಯಲ್ಲಿ 5 ಮಿ.ಮೀ. ದಪ್ಪದ ಬಿಲ್ಲೆಗಳನ್ನು ಮಾಡಿಟ್ಟು, ಒಣಗಿದ ಮೇಲೆ ಜಾಲರಿಯ ಕೆಳಗೆ ಗೇಣಿಗೊಂದರಂತೆ ಕೊಟ್ಟೆ. ಒಂದು ಪದರ ಗಾರೆ, ಅದು ಹಸಿಯಿರುವಾಗಲೇ ಜಾಲರಿ, ಮೇಲೆ ಇನ್ನೊಂದು ಪದರ. ಕರಣೆಯ ತುದಿಯಿಂದ ಕುಟ್ಟುತ್ತಾ ಹೋದರೆ ಗಾಳಿ ಗುಳ್ಳೆ ಮೇಲೆದ್ದು ಒಡೆಯುವುದು ಕಾಣುತ್ತದೆ.

ಕ್ಯೂರಿಂಗ್, ಅಂದರೆ ಗಾರೆ ಗಟ್ಟಿಯಾಗಲು ಒದ್ದೆಯಾಗಿಡುವುದು, 14 ದಿನ, ಎರಡೂ ಮುಖಕ್ಕೆ ಒದ್ದೆ ಗೋಣಿ. ಒಂದರ ಮೇಲಿನ ಮುಖವನ್ನಷ್ಟೇ ಬಿಸಿಲಿಗೆ ಬಿಟ್ಟಿದ್ದೆ, ಹಪ್ಪಳದ ಹಾಗೆ ಬಾಗಿತು. ಎತ್ತುವಾಗ ಅಂಚಿನ ಮೇಲೆ ನಿಲ್ಲಿಸಿಯೇ ಎತ್ತಬೇಕು. ಮಲಗಿಸಿಕೊಂಡು ಹೊತ್ತ ಒಂದು ಪ್ಯಾನೆಲ್ ನಡುವೆಯೇ ಬಿರುಕು ಬಿಟ್ಟಿತು.

ನಿಲ್ಲಿಸಿದ್ದು ಕಬ್ಬಿಣದ ಚೌಕಟ್ಟಿನಲ್ಲಿ. ಸಂದುಗಳಿಗೆ ಬರೀ ಗಾರೆ ತುಂಬಿದ ಕಡೆ ಕೂದಲೆಳೆ ಬಿರುಕು ಬಂತು. ಫೈಬರ್ ಟೇಪ್ ಅಂಟಿಸಿ ಪಾಲಿಮರ್ ಗಾರೆ (ಅಂಟು ರಾಳ ಬೆರೆಸಿದ ಗಾರೆ) ಬಳಿದ ಕಡೆ ಈವರೆಗೆ ಇಲ್ಲ. ಭಾರದ ಕಪಾಟನ್ನು ಪ್ಯಾನೆಲ್‌ಗೆ ತೂಗುಹಾಕುವುದಿಲ್ಲ, ಚೌಕಟ್ಟಿಗೇ ಬೋಲ್ಟ್ ಕೊಟ್ಟಿದ್ದೇನೆ. ಶಬ್ದ ಮಾತ್ರ ತಡೆಯುವುದಿಲ್ಲ: ಪಕ್ಕದ ಕೋಣೆಯಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತದೆ.