ಪಾರ್ಟಿಷನ್ ಡಿಸೈನ್: ಮೊದಲು ಅಳತೆಗಳಿಗೆ ಹೆಸರಿಡಿ

ನಿಲುವು ಪಟ್ಟಿಗಳ ರೂಮ್ ಪಾರ್ಟಿಷನ್ ಡಿಸೈನ್ ಮಾಡೋರಿಗೆ ಒಂದು ಸಲಹೆ. ಕಂಪ್ಯೂಟರಲ್ಲಿ ಡಿಸೈನ್ ಮಾಡೋ ಸಾಫ್ಟ್‌ವೇರ್ ಫ್ರೀಕ್ಯಾಡ್ ಇರಲಿ, ಫ್ಯೂಷನ್ ಇರಲಿ, ಗೆರೆ ಎಳೆಯೋಕೆ ಮುಂಚೆ ಅಳತೆಗಳಿಗೆ ಹೆಸರು ಕೊಡಿ: ಫ್ರೇಮಿನ ಒಳ ಅಗಲ, ಪಟ್ಟಿಯ ಅಗಲ, ಪಟ್ಟಿಗಳ ಸಂಖ್ಯೆ, ಪ್ಲೈವುಡ್ ದಪ್ಪ. ಪಟ್ಟಿಗಳ ನಡುವೆ, ಎರಡೂ ತುದಿಯಲ್ಲಿ ಬಿಡೋ ಸಂದಿನ ಅಳತೆಯನ್ನ ಮಾತ್ರ ಟೈಪ್ ಮಾಡಬೇಡಿ, ಸೂತ್ರ ಹಾಕಿ. ಒಳ ಅಗಲದಿಂದ ಎಲ್ಲಾ ಪಟ್ಟಿಗಳ ಒಟ್ಟು ಅಗಲ ಕಳೆದು, ಪಟ್ಟಿಗಳ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸಿ. 1800 ಮಿ.ಮೀ. ಒಳಗೆ 40 ಮಿ.ಮೀ. ಅಗಲದ 19 ಪಟ್ಟಿ ಕೂರಿಸಿದರೆ ಸಂದು ಸರಿಯಾಗಿ 52 ಮಿ.ಮೀ. ನಾಳೆ ಅಗಲ ಬದಲಾದರೆ ಒಂದೇ ಅಂಕಿ ತಿದ್ದಿದರೆ ಸಾಕು, ಉಳಿದದ್ದು ತಾನೇ ಹೊಂದಿಕೊಳ್ಳುತ್ತೆ.

ನಿಜವಾಗಿ ಕೈಕೊಡೋದು ಪ್ಲೈವುಡ್ ದಪ್ಪ. 18 ಮಿ.ಮೀ. ಅಂತ ಬರೋ ಹಾಳೆ ಎಷ್ಟೋ ಸಲ ಅಷ್ಟು ಇರಲ್ಲ. ತಂದ ಹಾಳೆಯನ್ನೇ ನಾಲ್ಕೈದು ಕಡೆ ಕ್ಯಾಲಿಪರ್‌ನಲ್ಲಿ ಅಳೆದು, ಅತಿ ಹೆಚ್ಚು ಬಂದ ಅಂಕಿಯನ್ನ ದಪ್ಪ ಅಂತ ಹಾಕಿ. ಪಟ್ಟಿಯ ತುದಿ ಕೂರೋಕೆ ಫ್ರೇಮಿನಲ್ಲಿ ತೆಗೆಯೋ ಕಚ್ಚಿನ ಅಗಲಕ್ಕೆ ಅದರ ಮೇಲೆ 0.2 ಮಿ.ಮೀ. ಸಡಿಲ ಕೊಡಿ, ಅದಕ್ಕೂ ಬೇರೆ ಹೆಸರಿರಲಿ.

ಸಿಎನ್‌ಸಿ ರೂಟರ್‌ನಲ್ಲಿ (ಕಂಪ್ಯೂಟರ್ ನಡೆಸೋ ಕೊರೆಯೋ ಯಂತ್ರ) ಕತ್ತರಿಸೋದಾದರೆ ಇನ್ನೊಂದು ವಿಷಯ. ಅದರ 6 ಮಿ.ಮೀ. ವ್ಯಾಸದ ಬಿಟ್ (ತಿರುಗಿ ಕೊರೆಯೋ ಅಲಗು) ಕಚ್ಚಿನ ಒಳಮೂಲೆಯನ್ನ 3 ಮಿ.ಮೀ. ತ್ರಿಜ್ಯದಷ್ಟು ದುಂಡಗೆ ಬಿಡುತ್ತೆ, ಪಟ್ಟಿಯ ಚೌಕ ತುದಿ ಪೂರ್ತಿ ಒಳಗೆ ಕೂರಲ್ಲ. ಮೂಲೆಗಳಲ್ಲಿ ಬಿಟ್‌ಗಿಂತ ತುಸು ದೊಡ್ಡ ತೂತು ಡಿಸೈನ್‌ನಲ್ಲೇ ಸೇರಿಸಿ. ಇಡೀ ಹಾಳೆಗೆ ಕೈ ಹಾಕೋ ಮುಂಚೆ ಅದೇ ಪ್ಲೈವುಡ್‌ನ ತುಂಡಲ್ಲಿ ಒಂದು ಕಚ್ಚು ತೆಗೆದು ಕೂರಿಸಿ ನೋಡಿ. ಬಿಗಿಯಾದರೆ ಸಡಿಲದ ಅಂಕಿ 0.3 ಮಾಡಿ.