ಚಿಕ್ಕಮಗಳೂರಿನ ಕ್ಲಬ್ಬಿನಲ್ಲಿ ಹೆಂಡ್ರಿಕ್ಸ್ ಟ್ರಿಬ್ಯೂಟ್: ಎಲ್ಲಿ ನಿಲ್ಲಬೇಕು, ಏನು ಕೇಳಬೇಕು

ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತೀರಿಕೊಂಡದ್ದು 1970ರ ಸೆಪ್ಟೆಂಬರ್ 18ರಂದು, 27ನೇ ವಯಸ್ಸಿಗೆ. ಅವನ ಗಿಟಾರನ್ನು ಎದುರಿಗೆ ಕೂತು ಕೇಳುವ ಆಸೆ ಇದ್ದವರಿಗೆ ಈಗ ಉಳಿದಿರುವುದು ಟ್ರಿಬ್ಯೂಟ್ ನುಡಿಸುವವರು, ಅಂದರೆ ಅವನ ಹಾಡುಗಳನ್ನು ಅವನ ಹಾಗೆಯೇ ನುಡಿಸುವವರು. ಅಂಥವರು ಚಿಕ್ಕಮಗಳೂರಿನ ಕ್ಲಬ್ಬಿಗೋ ಹಾಸನದ ಸಣ್ಣ ಹಾಲ್‌ಗೋ ಬಂದರೆ ನೂರಿನ್ನೂರು ಜನರ ನಡುವೆ, ಹತ್ತು ಅಡಿ ದೂರದಿಂದ ಬೆರಳು ನೋಡುವ ಅವಕಾಶ. ದೊಡ್ಡ ಮೈದಾನದಲ್ಲಿ ಇದು ಸಿಗದು. ಆದರೆ ಸಣ್ಣ ಜಾಗದಲ್ಲಿ ಸದ್ದು ಕೆಡುವುದೂ ಸುಲಭ, ಹಾಗಾಗಿ ಸ್ವಲ್ಪ ತಯಾರಿ ಬೇಕು.

ಪ್ಲಾಂಟರ್ಸ್ ಕ್ಲಬ್ಬಾದರೆ ಮೊದಲು ಬಾಗಿಲು ದಾಟುವ ವಿಚಾರ. ಮೆಂಬರ್ ಜೊತೆಗಿದ್ದು ಪುಸ್ತಕದಲ್ಲಿ ಸಹಿ ಹಾಕಿದರೇ ಒಳಗೆ ಬಿಡುವ ಕ್ಲಬ್ಬುಗಳಿವೆ. ಚಪ್ಪಲಿ, ಚಡ್ಡಿ, ಕಾಲರಿಲ್ಲದ ಟೀ ಶರ್ಟಿಗೆ ಪ್ರವೇಶವಿಲ್ಲದಲ್ಲಿ ಗೇಟಿನ ಬಳಿ ವಾದಿಸಿ ಉಪಯೋಗವಿಲ್ಲ. ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಎಷ್ಟು ಗಂಟೆಗೆ ಶುರು ಎನ್ನುವುದಕ್ಕಿಂತ ಎಷ್ಟಕ್ಕೆ ಮುಗಿಯುತ್ತದೆ ಎಂದು ಕೇಳುವುದು ಮುಖ್ಯ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗಡೆ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದರಿಂದ ಲಾನ್ ಮೇಲಿನ ಕಾರ್ಯಕ್ರಮ ಹತ್ತಕ್ಕೆ ನಿಲ್ಲಲೇಬೇಕು. ಎಂಟೂವರೆಗೆ ಆರಾಮವಾಗಿ ಹೋದರೆ ಅರ್ಧ ಕಛೇರಿ ಕಳೆದುಕೊಂಡಂತೆ.

ಒಂದು ವಾರ ಮೊದಲು ಹೆಂಡ್ರಿಕ್ಸ್‌ನ ಲೈವ್ ರೆಕಾರ್ಡುಗಳನ್ನು ಕೇಳಿ, ಸ್ಟುಡಿಯೋದವು ಬೇಡ. ಸ್ಟುಡಿಯೋದಲ್ಲಿ ಒಂದರ ಮೇಲೊಂದು ಗಿಟಾರ್ ಕೂರಿಸಿರುತ್ತಾರೆ, ಮೂವರ ತಂಡ ವೇದಿಕೆಯ ಮೇಲೆ ಅದನ್ನು ಕೊಡಲಾರದು. ಕೊಡಲಿಲ್ಲವೆಂದು ಬೇಸರಪಡುವುದೂ ತಪ್ಪು.

ಬ್ಲೂಸ್ ಹಾಡುಗಳಿಗೆ ಲೆಕ್ಕ ಹಾಕಲು ಕಲಿತರೆ ಕೇಳುವ ಸುಖವೇ ಬೇರೆ. ಒಂದು ಸುತ್ತಿಗೆ ಹನ್ನೆರಡು ಬಾರ್ (ತಾಳದ ತುಂಡು), ಒಂದೊಂದು ಬಾರ್‌ಗೆ ನಾಲ್ಕು ಏಟು, ಒಟ್ಟು 48. ನಮ್ಮ ಲೆಕ್ಕದಲ್ಲಿ ಆದಿತಾಳದ ಆರು ಆವರ್ತನ. ಮೊದಲ ಎರಡು ಆವರ್ತನ ಷಡ್ಜದ ಕಾರ್ಡ್, ಅಂದರೆ ಷಡ್ಜವನ್ನು ಆಧರಿಸಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಮೂರನೆಯದಕ್ಕೆ ಶುದ್ಧ ಮಧ್ಯಮಕ್ಕೆ ಏರುತ್ತಾರೆ, ನಾಲ್ಕನೆಯದಕ್ಕೆ ಮತ್ತೆ ಷಡ್ಜ. ಐದನೆಯದರ ಮೊದಲರ್ಧ ಪಂಚಮ, ಉಳಿದರ್ಧ ಮಧ್ಯಮ. ಆರನೆಯದಕ್ಕೆ ಮನೆಗೆ ವಾಪಸ್. ಕೆಲವು ಹಾಡುಗಳಲ್ಲಿ ಮೊದಲ ಆವರ್ತನದ ಕೊನೆಯ ನಾಲ್ಕು ಏಟಿಗೇ ಮಧ್ಯಮ ಮುಟ್ಟಿ ಬರುತ್ತಾರೆ, ಗಾಬರಿಯಾಗಬೇಡಿ. ಏಟು ಕುಂಟುತ್ತಾ ಸಾಗುವ ಶಫಲ್ ಬಂದರೆ ತಿಶ್ರ ನಡೆಯೆಂದು ತಿಳಿದು ತೊಡೆ ತಟ್ಟಿ, ಸರಿಹೋಗುತ್ತದೆ. ಹೆಂಡ್ರಿಕ್ಸ್ ಹಾಡುಗಳೆಲ್ಲ ಈ ಚೌಕಟ್ಟಿನಲ್ಲಿಲ್ಲ. ಒಂದೇ ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ) ಮೇಲೆ ನಿಂತವೂ ಹಲವು, ಅಲ್ಲಿ ಲೆಕ್ಕ ಬಿಟ್ಟು ಡ್ರಮ್ಸ್ ಕೇಳಿ.

ಇನ್ನು ನಿಲ್ಲುವ ಜಾಗ. ಬಹಳ ಜನ ಎಡವುವುದು ಇಲ್ಲೇ. ವೇದಿಕೆಗೆ ಮುಗಿಬಿದ್ದು ನಿಂತವರಿಗೆ ಹಾಡು ಕೇಳುವುದಿಲ್ಲ. ಸಣ್ಣ ಕ್ಲಬ್ಬಿನಲ್ಲಿ ಗಿಟಾರ್ ಸದ್ದು ನೇರ ಆಂಪ್ಲಿಫೈಯರಿನಿಂದಲೇ ಬರುವುದು ಹೆಚ್ಚು, ದನಿ ಮಾತ್ರ ಅಕ್ಕಪಕ್ಕದ ದೊಡ್ಡ ಸ್ಪೀಕರ್‌ಗಳಿಂದ. ಮುಂದಿನ ಸಾಲಿನವರು ಬಹಳ ಸಲ ಆ ಸ್ಪೀಕರ್‌ಗಳ ಸದ್ದಿನ ದಾರಿಯಿಂದ ಹೊರಗಿರುತ್ತಾರೆ. ಜೊತೆಗೆ ಗಿಟಾರ್ ಆಂಪಿನ ಹನ್ನೆರಡಿಂಚಿನ ಸ್ಪೀಕರ್ ತಾರಸ್ವರಗಳನ್ನು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಎಸೆಯುತ್ತದೆ. ಆ ಗೆರೆಯಲ್ಲಿ ನಿಂತವನ ಕಿವಿಗೆ ಗರಗಸ, ಎರಡು ಮೂರು ಅಡಿ ಪಕ್ಕಕ್ಕೆ ಸರಿದವನಿಗೆ ಸಂಗೀತ. ಎರಡೂ ಸ್ಪೀಕರ್‌ಗಳ ನಡುವೆ, ಹಾಲಿನ ಉದ್ದದ ಅರ್ಧದಿಂದ ಮೂರನೇ ಎರಡು ಭಾಗದೊಳಗೆ, ಮಿಕ್ಸರ್ ಇಟ್ಟುಕೊಂಡು ಕೂತವನ ಆಸುಪಾಸಿನಲ್ಲಿ ನಿಲ್ಲಿ. ಅವನು ತನ್ನ ಕಿವಿಗೆ ಸರಿಕಂಡಂತೆ ಸದ್ದು ಹೊಂದಿಸುತ್ತಾನಲ್ಲ, ಅದೇ ನಿಮಗೂ ಸಿಗುತ್ತದೆ. ಹಿಂಗೋಡೆ, ಮೂಲೆ ಬೇಡ, ಬಾಸ್ ಅಲ್ಲಿ ಗುಡ್ಡೆಬಿದ್ದು ಗುಂಯ್‌ಗುಟ್ಟುತ್ತದೆ. ಬಿಲಿಯರ್ಡ್ಸ್ ರೂಮಿನ ಬಾಗಿಲ ಬಳಿ ನಿಂತು ಗ್ಲಾಸು ಹಿಡಿದು ಕೇಳುವವರಿಗೆ ಹೇಳುವುದೇನೂ ಇಲ್ಲ.

ಬೆರಳು ನೋಡಲೇಬೇಕೆಂದರೆ ಮೊದಲ ಎರಡು ಹಾಡಿಗೆ ಮುಂದೆ ಹೋಗಿ, ಆಮೇಲೆ ಹಿಂದೆ ಬನ್ನಿ.

ಕಾವಿ ನೆಲ, ಬರಿ ಗೋಡೆಯ ಹಳೆಯ ಕಟ್ಟಡಗಳಲ್ಲಿ ಸದ್ದು ಪುಟಿದು ಕಲಸಿಹೋಗುತ್ತದೆ. ಜನ ತುಂಬಿದ ಮೇಲೆ ಮೈ, ಬಟ್ಟೆ ಒಂದಿಷ್ಟು ಹೀರಿಕೊಂಡು ಸುಧಾರಿಸುತ್ತದೆ, ಸಂಜೆಯ ಸೌಂಡ್ ಚೆಕ್ ಕೇಳಿ ತೀರ್ಮಾನಿಸಬೇಡಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕಾರ್ಯಕ್ರಮವಾದರೆ ಮಾತ್ರ ಯಾವ ಜಾಗವೂ ನೆರವಾಗದು.

ವೇದಿಕೆಯಲ್ಲಿ ಹೆಂಡ್ರಿಕ್ಸ್ ಬೆನ್ನ ಹಿಂದೆ ಮಾರ್ಷಲ್ ಕಂಪನಿಯ ನೂರು ವಾಟಿನ ಆಂಪುಗಳು ಇರುತ್ತಿದ್ದವು. ಅದನ್ನೇ ಇಲ್ಲಿ ತಂದಿಟ್ಟರೆ ಶ್ರದ್ಧೆ ಮೆಚ್ಚಬೇಕು, ಕಿವಿಗೆ ಮಾತ್ರ ಶಿಕ್ಷೆ. ನೂರಕ್ಕೆ ಬದಲು ಐವತ್ತು ವಾಟ್ ತಂದರೂ ಇಳಿಯುವುದು ಮೂರೇ ಡೆಸಿಬಲ್. ಸದ್ದು ಅರ್ಧವಾದಂತೆ ಕಿವಿಗೆ ಅನ್ನಿಸಲು ಹತ್ತು ವಾಟಿಗೆ ಇಳಿಯಬೇಕು. ಹದಿನೈದು ಇಪ್ಪತ್ತು ವಾಟಿನ ವಾಲ್ವ್ ಆಂಪ್ ತಂದವನು ಹಾಲ್ ಅಳೆದುಕೊಂಡು ಬಂದಿದ್ದಾನೆ ಎಂದರ್ಥ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಾಳಬಹುದಾದರೆ 100 ಡೆಸಿಬಲ್‌ಗೆ ಹದಿನೈದೇ ನಿಮಿಷ ಎನ್ನುವುದು ಕೆಲಸದ ಜಾಗಗಳಿಗೆ ಹಾಕಿರುವ ಲೆಕ್ಕ. ಮೆಡಿಕಲ್ ಶಾಪಿನ ಫೋಮ್ ಇಯರ್ ಪ್ಲಗ್ ಜೇಬಿನಲ್ಲಿರಲಿ. ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯ ತುದಿ ಮೇಲಕ್ಕೆಳೆದು ಒಳಗೆ ಬಿಟ್ಟು, ಅದು ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಹತ್ತಿಯಿಂದ ಅಷ್ಟೇನೂ ತಡೆಯಾಗುವುದಿಲ್ಲ.

ತಲೆಗೆ ಕಟ್ಟಿದ ಬಟ್ಟೆ, ಕಸೂತಿ ಕೋಟು ನೋಡಿ ಮರುಳಾಗಬೇಡಿ. ಕಿರೀಟ ಇಟ್ಟವರೆಲ್ಲ ಕರ್ಣನಾಗುವುದಿಲ್ಲ ಎಂಬುದು ಯಕ್ಷಗಾನ ನೋಡುವವರಿಗೆ ಗೊತ್ತು. ನೋಡಬೇಕಾದ್ದು ಬೇರೆ. ಹೆಂಡ್ರಿಕ್ಸ್ ಎಡಚ, ಬಲಗೈಯವರ ಸ್ಟ್ರಾಟೋಕಾಸ್ಟರ್ ಗಿಟಾರನ್ನು ಮಗುಚಿ ತಂತಿ ತಿರುವಿ ಕಟ್ಟಿ ನುಡಿಸುತ್ತಿದ್ದ. ಹಾಗೆ ಮಗುಚಿದಾಗ ಉದ್ದದ ಕೊಂಬು ಕೆಳಗೆ, ಗುಂಡಿಗಳು ಮೇಲೆ. ಬ್ರಿಡ್ಜ್ (ತಂತಿಗಳನ್ನು ಕೆಳತುದಿಯಲ್ಲಿ ಹೊರುವ ಭಾಗ) ಬಳಿಯ ಓರೆ ಪಿಕಪ್ಪಿನ, ಅಂದರೆ ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಪಟ್ಟಿಯ, ವಾಲೂ ತಿರುಗುಮುರುಗಾಗಿ ಮಂದ್ರದ ತಂತಿ ಖಣ್ ಎನ್ನುತ್ತದೆ, ತಾರದ್ದು ಮೆತ್ತಗಾಗುತ್ತದೆ. ಎಡಗೈ ನುಡಿಸಾಟ ಎಲ್ಲರಿಂದ ಆಗದ ಮಾತು, ಬಲಗೈಯವರು ನುಡಿಸಿದರೆ ಕೊರತೆಯೇನಲ್ಲ. ಹೆಬ್ಬೆರಳು ಕುತ್ತಿಗೆಯ ಮೇಲಿಂದ ಬಂದು ಬಾಸ್ ತಂತಿ ಒತ್ತುತ್ತಿದೆಯೇ, ಉಳಿದ ಬೆರಳು ಅದೇ ಹೊತ್ತಿಗೆ ರಾಗದ ಕುಸುರಿ ಮಾಡುತ್ತಿವೆಯೇ ನೋಡಿ. ವೀಣೆಯಲ್ಲಿ ತಂತಿ ಎಳೆದಂತೆ ಇಲ್ಲೂ ಎಳೆಯುತ್ತಾರೆ. ಎಳೆತ ಸ್ವರಕ್ಕೆ ಸರಿಯಾಗಿ ಮುಟ್ಟಿ ನಿಂತರೆ ಸಾಧಕ, ಸ್ವಲ್ಪ ಕೆಳಗೇ ಉಳಿದರೆ ಮನೆಪಾಠ ಬಾಕಿ.

ನಡುನಡುವೆ ಶ್ರುತಿ ಮಾಡಿದರೆ ಗೊಣಗಬೇಡಿ. ಹೊರಗಿನ ಚಳಿಯಿಂದ ಬೆಚ್ಚಗಿನ ಹಾಲಿಗೆ ಬಂದ ತಂತಿ ಸಡಿಲವಾಗುತ್ತದೆ. ಸ್ಪ್ರಿಂಗಿನ ಸೆಳೆತದಲ್ಲಿ ತೇಲುವ ಬ್ರಿಡ್ಜ್ ಇರುವ ಗಿಟಾರಿನಲ್ಲಿ ಒಂದು ತಂತಿ ಹರಿದರೆ ಹಿಂದಿನ ಸ್ಪ್ರಿಂಗಿನ ಸೆಳೆತಕ್ಕೆ ಉಳಿದ ಐದೂ ಶ್ರುತಿ ಏರಿಬಿಡುತ್ತವೆ. ಪಕ್ಕದಲ್ಲಿ ಇನ್ನೊಂದು ಗಿಟಾರ್ ನಿಲ್ಲಿಸಿಕೊಂಡವನು ಇದನ್ನು ಬಲ್ಲವನು. ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್ ಪೆಡಲ್ (ಗಿಟಾರ್ ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಸೆಕೆಗೆ ಹದಗೆಡುತ್ತದೆ, ಆ ಮಟ್ಟಿಗೆ ನಮ್ಮ ಚಳಿ ಒಳ್ಳೆಯದೇ. ಹಾಡು ನಿಂತಾಗ ಕೇಳುವ ಗುಂಯ್ ಸದ್ದು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪು ಕರೆಂಟಿನ 50 ಹರ್ಟ್ಸ್ ಹಿಡಿದುಕೊಂಡದ್ದು. ನುಡಿಸುವವನು ನಿಂತಲ್ಲೇ ತಿರುಗಿದಾಗ ಅದು ಕಡಿಮೆಯಾದರೆ ಪಿಕಪ್ಪಿನದು. ತಂತಿ ಮುಟ್ಟಿದಾಗ ಹೆಚ್ಚಾದರೆ, ಮೈಕಿಗೆ ತುಟಿ ತಾಗಿ ಜುಮ್ಮೆಂದರೆ ಅರ್ಥಿಂಗ್ ಸಮಸ್ಯೆ. ಆಗ ಕಾರ್ಯಕ್ರಮ ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸುವುದೇ ಸರಿ.

ಬೇಕಾದ ಹಾಡಿದ್ದರೆ ಶುರುವಾಗುವ ಮೊದಲು ಚೀಟಿ ಕೊಡಿ, ಮಧ್ಯೆ ಕೂಗಬೇಡಿ. ವಿರಾಮದಲ್ಲಿ ಮಾತಾಡಿಸಿ, ಯಾವ ದಪ್ಪದ ತಂತಿ, ಶ್ರುತಿ ಅರ್ಧ ಸ್ವರ ಇಳಿಸಿದ್ದೀರಾ ಎಂದು ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಆಂಪಿನ ಮೇಲೆ ಗ್ಲಾಸು ಮಾತ್ರ ಇಡಬೇಡಿ, ವಾಲ್ವ್ ಆಂಪಿನ ಒಳಗೆ ನೂರಾರು ವೋಲ್ಟ್ ಇರುತ್ತದೆ.

ಕಾರನ್ನು ಮುಖ ಹೊರಗೆ ಮಾಡಿ ನಿಲ್ಲಿಸಿ. ಬೇಲೂರು, ಸಕಲೇಶಪುರ, ಆಲೂರು ಕಡೆಯ ತೋಟಗಳಿಗೆ ಹೊರಡುವವರು ಆನೆ ಯಾವ ದಿಕ್ಕಿನಲ್ಲಿದೆ ಎಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ನೋಡಿಯೇ ಹೊರಡಿ. ಬಸ್ಸಿನಲ್ಲಿ ಹೋಗುವವರು ಕೊನೆಯ ಬಸ್ ಎಷ್ಟಕ್ಕೆಂದು ಬರುವಾಗಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ.